ಎರಡಲ್ಲ, ಇನ್ನು ನಾಲ್ಕು: ಹೊಸ ಕಸದ ನಿಯಮಕ್ಕೆ ಮೈಸೂರಿನ ಮನೆಯನ್ನು ಹೊಂದಿಸಿಕೊಳ್ಳುವುದು ಹೇಗೆ?

2026ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಹತ್ತು ವರ್ಷ ನಡೆದ 2016ರ ನಿಯಮಗಳ ಜಾಗಕ್ಕೆ ಇವು ಬಂದವು. ಅದರಲ್ಲಿ ಕಂಪನಿಗಳಿಗೆ, ಕಾರ್ಖಾನೆಗಳಿಗೆ, ಪಾಲಿಕೆಗಳಿಗೆ ಬೇಕಾದಷ್ಟು ವಿಷಯ ಇದೆ. ಮನೆಯವರಿಗೆ ತಟ್ಟುವುದು ಮುಖ್ಯವಾಗಿ ಒಂದು. ಕಸವನ್ನು ನಾಲ್ಕು ಮಾಡಿ ಕೊಡಬೇಕು: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ, ವಿಶೇಷ ಎಚ್ಚರಿಕೆ ಬೇಕಾದ ಕಸ.

ಕೇಳಿದ ತಕ್ಷಣ ಎಲ್ಲರೂ ಹೇಳುವ ಮಾತು ಒಂದೇ. "ಎರಡು ಮಾಡೋದೇ ಕಷ್ಟ, ನಾಲ್ಕು ಡಬ್ಬ ಎಲ್ಲಿಡೋದು?" ನಿಜ, ಮೂವತ್ತು–ನಲವತ್ತರ ಸೈಟಿನ ಮನೆಯಲ್ಲಿ, ಅದೂ ಮೇಲಿನ ಬಾಡಿಗೆ ಭಾಗದಲ್ಲಿ, ಜಾಗ ಸಿಗುವುದಿಲ್ಲ. ಆದರೆ ಸ್ವಲ್ಪ ನಿಂತು ಲೆಕ್ಕ ಹಾಕಿ. ನಾಲ್ಕರಲ್ಲಿ ದಿನಾ ಕೊಳೆಯುವುದು ಹಸಿ ಕಸ ಮಾತ್ರ. ಒಣ ಕಸ ವಾರವಿಡೀ ಮೂಲೆಯಲ್ಲಿ ಕೂತರೂ ಏನೂ ಆಗುವುದಿಲ್ಲ. ಸ್ಯಾನಿಟರಿ ಕಸ ಎಲ್ಲ ಮನೆಯಲ್ಲೂ ಎಲ್ಲ ದಿನವೂ ಇರುವುದಿಲ್ಲ. ನಾಲ್ಕನೆಯದಂತೂ ಮೂರು ತಿಂಗಳಿಗೆ ಒಂದು ಸಣ್ಣ ಪೆಟ್ಟಿಗೆ ತುಂಬಿದರೆ ಜಾಸ್ತಿ. ಹಸಿ ಕಸವನ್ನು ಸರಿಯಾಗಿ ಬೇರೆ ಮಾಡಿದರೆ ಉಳಿದ ಮೂರೂ ತಾವಾಗಿಯೇ ಸಾಲಿಗೆ ಬರುತ್ತವೆ. ಹಾಗಾಗಿ ಈ ಬರಹದಲ್ಲೂ ಹಸಿ ಕಸಕ್ಕೇ ಜಾಸ್ತಿ ಜಾಗ.

ಮೈಸೂರಿಗೆ ವಿಂಗಡಣೆ ಹೊಸದಲ್ಲ. 2015 ಮತ್ತು 2016ರ ಸ್ವಚ್ಛ ನಗರಗಳ ಪಟ್ಟಿಯಲ್ಲಿ ನಮ್ಮೂರೇ ದೇಶಕ್ಕೆ ಮೊದಲು. 2024–25ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 3ರಿಂದ 10 ಲಕ್ಷ ಜನಸಂಖ್ಯೆಯ ಊರುಗಳ ‘ಸೂಪರ್ ಸ್ವಚ್ಛ ಲೀಗ್’ನಲ್ಲೂ ಹೆಸರಿತ್ತು. ಬೆಳಿಗ್ಗೆ ವಿಷಲ್ ಊದುತ್ತಾ ತಳ್ಳುಗಾಡಿ ತರುವ ಪೌರಕಾರ್ಮಿಕರಿಗೆ ಈ ಹೆಸರಿನ ದೊಡ್ಡ ಪಾಲು ಸಲ್ಲಬೇಕು. ಅದೇ ಊರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರಂನಲ್ಲಿ ಹಳೆಯ ಕಸದ ಗುಡ್ಡವೂ ಇತ್ತು, ಅದರ ವಾಸನೆ ಕುಡಿದು ಬದುಕಿದ ಬಡಾವಣೆಗಳೂ ಇದ್ದವು. ಬೇರೆ ಮಾಡದೆ ಕಲಸಿಕೊಟ್ಟ ಕಸ ಕೊನೆಗೆ ಸೇರುವ ಜಾಗ ಅದು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕಕ್ಕೆ ಒಮ್ಮೆ ಹೋಗಿ ನೋಡಿದರೆ ಇನ್ನೊಂದು ದಾರಿಯೂ ಕಾಣುತ್ತದೆ. ಅಲ್ಲಿ ಹಸಿ ಕಸ ಗೊಬ್ಬರವಾಗುತ್ತದೆ, ಒಣ ಕಸ ಬಗೆಬಗೆಯಾಗಿ ಬೇರೆಯಾಗಿ ಮಾರಾಟಕ್ಕೆ ಹೋಗುತ್ತದೆ.

ಹೆಜ್ಜೆ 1: ಏನನ್ನೂ ಕೊಳ್ಳಬೇಡಿ, ಮೊದಲು ಜಾಗ ಗೊತ್ತು ಮಾಡಿ

ಬಣ್ಣದ ಡಬ್ಬಗಳ ಸೆಟ್ ತರುವ ಆತುರ ಬೇಡ. ಮನೆಯಲ್ಲಿರುವುದೇ ಸಾಕು.

ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುವ ಜಾಗದ ಹತ್ತಿರ, ಮುಚ್ಚಳ ಇರುವ ಒಂದು ಚಿಕ್ಕ ಡಬ್ಬ ಇಡಿ. ನಾಲ್ಕೈದು ಲೀಟರಿನದಾದರೆ ಸಾಕು. ಇದು ಹಸಿ ಕಸಕ್ಕೆ. ಡಬ್ಬ ದೊಡ್ಡದಾದಷ್ಟೂ ಖಾಲಿ ಮಾಡುವ ಸೋಮಾರಿತನ ಹೆಚ್ಚುತ್ತದೆ, ಅದಕ್ಕೇ ಚಿಕ್ಕದು. ಒಣ ಕಸಕ್ಕೆ ಯುಟಿಲಿಟಿಯಲ್ಲೋ ಮೆಟ್ಟಿಲ ಕೆಳಗೋ ಒಂದು ಅಕ್ಕಿ ಚೀಲ ನೇತುಹಾಕಿ. ಬಚ್ಚಲುಮನೆಯಲ್ಲಿ ಮುಚ್ಚಳದ ಒಂದು ಪುಟ್ಟ ಡಬ್ಬ, ಸ್ಯಾನಿಟರಿ ಕಸಕ್ಕೆ. ಇನ್ನು ನಾಲ್ಕನೆಯದಕ್ಕೆ ಹಳೆಯ ಚಪ್ಪಲಿ ಡಬ್ಬವೋ ಸಿಹಿ ತಿಂಡಿಯ ಡಬ್ಬವೋ ಆಗುತ್ತದೆ. ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಇಡಿ.

ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂಬ ರೂಢಿ ಇದೆ. ಸಾಧ್ಯವಾದರೆ ಹಾಗೆ ಮಾಡಿ. ಇಲ್ಲದಿದ್ದರೆ ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದರೆ ಆಯಿತು. ಮನೆಗೆಲಸಕ್ಕೆ ಬರುವವರಿಗೂ, ಮನೆಯ ಹಿರಿಯರಿಗೂ ಒಂದೊಂದು ಡಬ್ಬ ತೋರಿಸಿ ಹೇಳಬೇಕು. ಗೋಡೆಗೆ ಚೀಟಿ ಅಂಟಿಸಿದರೆ ಯಾರೂ ಓದುವುದಿಲ್ಲ.

ಹೆಜ್ಜೆ 2: ಹಸಿ ಕಸದ ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಹಾಕುವುದನ್ನು ನಿಲ್ಲಿಸಿ

ಇಡೀ ವಿಂಗಡಣೆ ಕೆಡುವುದೇ ಈ ಕವರ್‌ನಿಂದ. ಹಸಿ ಕಸವನ್ನು ಕರಿ ಕವರ್‌ಗೆ ತುಂಬಿ ಗಂಟು ಹಾಕಿ ಕೊಟ್ಟರೆ ನಿಮ್ಮ ಮಟ್ಟಿಗೆ ಕೆಲಸ ಮುಗಿಯಿತು. ಆದರೆ ಆ ಗಂಟನ್ನು ಯಾರೋ ಒಬ್ಬರು ಕೈಯಿಂದ ಬಿಚ್ಚಿ ಸುರಿಯಲೇಬೇಕು. ಬಿಚ್ಚದಿದ್ದರೆ ಒಳಗಿದ್ದದ್ದು ಗಾಳಿಯಿಲ್ಲದೆ ಕೊಳೆತು ನಾರುತ್ತದೆ, ಗೊಬ್ಬರ ಆಗುವುದಿಲ್ಲ. 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಗಳಿಗೆ 2022ರ ಡಿಸೆಂಬರ್ 31ರಿಂದಲೇ ದೇಶದಲ್ಲಿ ನಿಷೇಧ ಇದೆ. ಕರ್ನಾಟಕದಲ್ಲಂತೂ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂದಿತ್ತು. ಆದರೂ ಅವು ಎಲ್ಲಿಂದ ಬರುತ್ತವೆ ಎಂದು ತರಕಾರಿ ಗಾಡಿಯ ಮುಂದೆ ನಿಂತರೆ ಗೊತ್ತಾಗುತ್ತದೆ.

ಕವರ್ ಬದಲು ಡಬ್ಬದ ತಳಕ್ಕೆ ಒಂದು ಹಾಳೆ ಹಳೆಯ ಪೇಪರ್ ಮಡಚಿ ಹಾಕಿ. ನೀರು ಹೀರಿಕೊಳ್ಳುತ್ತದೆ, ತಳಕ್ಕೆ ಅಂಟುವುದಿಲ್ಲ. ಆ ಪೇಪರ್ ಕಸದ ಜೊತೆಗೇ ಹೋಗಬಹುದು, ಅದೂ ಕೊಳೆಯುವ ವಸ್ತುವೇ. ಕಸ ಸುರಿದ ಮೇಲೆ ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಡಬ್ಬ ಅಲ್ಲಾಡಿಸಿ ಕವುಚಿಟ್ಟರೆ ಮುಗಿಯಿತು.

ಇನ್ನೊಂದು ವಿಷಯ ನೀರು. ಸಾರು, ಮಜ್ಜಿಗೆ, ಹುಳಿಯ ಉಳಿಕೆ ನೇರವಾಗಿ ಡಬ್ಬಕ್ಕೆ ಹೋಗಬಾರದು. ಸಿಂಕಿನಲ್ಲಿ ಒಂದು ಹಳೆಯ ಜರಡಿ ಇಟ್ಟು ಬಸಿದು, ಗಟ್ಟಿ ಭಾಗ ಮಾತ್ರ ಹಾಕಿ. ವಾಸನೆ, ನೊಣ, ತೊಟ್ಟಿಕ್ಕುವ ರಗಳೆ, ಮೂರಕ್ಕೂ ಕಾರಣ ಈ ನೀರೇ. ಅಕ್ಕಪಕ್ಕದಲ್ಲಿ ಹಸು ಸಾಕಿದವರು ಮುಸುರೆ ತೆಗೆದುಕೊಂಡು ಹೋಗುವ ರೂಢಿ ಹಳೆಯ ಕೇರಿಗಳಲ್ಲಿ ಇನ್ನೂ ಇದೆ. ಹಾಗಿದ್ದರೆ ಒಳ್ಳೆಯದೇ. ಆದರೆ ಅದರೊಳಗೆ ಪ್ಲಾಸ್ಟಿಕ್ ಚೂರು, ಪಿನ್, ರಬ್ಬರ್ ಬ್ಯಾಂಡ್ ಸೇರದ ಹಾಗೆ ನೋಡಿಕೊಳ್ಳಿ, ಹಸುವಿನ ಹೊಟ್ಟೆಗೆ ಹೋಗುವ ವಸ್ತು ಅದು.

ಯಾವುದು ಹಸಿ, ಯಾವುದು ಅಲ್ಲ?

ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಉಳಿದ ಅನ್ನ, ಕಾಫಿ ಗಷ್ಟು, ಟೀ ಸೊಪ್ಪು, ಮೊಟ್ಟೆ ಚಿಪ್ಪು, ಮಾಂಸ, ಮೀನಿನ ಉಳಿಕೆ, ಒಣಗಿದ ಹೂವು ಎಲ್ಲ ಹಸಿ ಕಸ. ಇಷ್ಟು ಎಲ್ಲರಿಗೂ ಗೊತ್ತು. ತಕರಾರು ಬರುವುದು ಬೇರೆ ಕಡೆ.

ತೆಂಗಿನ ಚಿಪ್ಪು, ಎಳನೀರು ಬುರುಡೆ, ನಾರು, ಹಲಸಿನ ದಪ್ಪ ಸಿಪ್ಪೆ ಕೊಳೆಯುವ ವಸ್ತುಗಳೇ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತವೆ, ಯಂತ್ರದ ಹಲ್ಲಿಗೂ ಸಿಕ್ಕಿಹಾಕಿಕೊಳ್ಳುತ್ತವೆ. ಇವನ್ನು ಡಬ್ಬದೊಳಗೆ ತುರುಕದೆ ಬೇರೆಯಾಗಿಯೇ ಕೈಗೆ ಕೊಡಿ. ಚಿಪ್ಪಿಗೆ ಬೇಡಿಕೆ ಇದೆ, ಸೌದೆ ಒಲೆ ಇರುವ ಮನೆಯವರು ಸಂತೋಷವಾಗಿ ಒಯ್ಯುತ್ತಾರೆ.

ಟೀ ಬ್ಯಾಗ್‌ನ ಪಿನ್, ಹಣ್ಣಿನ ಮೇಲಿನ ಸ್ಟಿಕ್ಕರ್, ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್, ಹೂವಿನ ಹಾರದ ನೈಲಾನ್ ದಾರ ಮತ್ತು ಜರಿ, ಇವು ಕಣ್ಣಿಗೆ ಬೀಳದೆ ಹಸಿ ಕಸಕ್ಕೆ ಸೇರುವ ಕಳ್ಳರು. ಬಾಳೆನಾರಿನಲ್ಲಿ ಕಟ್ಟಿದ ಹೂವಾದರೆ ಹಾಗೆಯೇ ಹಾಕಬಹುದು. ಪೇಪರ್ ಕಪ್, ಪೇಪರ್ ತಟ್ಟೆಗೆ ಒಳಗಡೆ ಪ್ಲಾಸ್ಟಿಕ್ ಪದರ ಇರುತ್ತದೆ, ಅವು ಹಸಿ ಕಸ ಅಲ್ಲ. ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ ಹಸಿ ಕಸ.

ಕರಿದ ಎಣ್ಣೆಯನ್ನು ಸಿಂಕಿಗೂ ಸುರಿಯಬೇಡಿ, ಹಸಿ ಡಬ್ಬಕ್ಕೂ ಬೇಡ. ತಣ್ಣಗಾದ ಮೇಲೆ ಹಳೆಯ ಬಾಟಲಿಗೆ ತುಂಬಿ ಮುಚ್ಚಿಡಿ. ಮನೆ ಗುಡಿಸಿದ ಧೂಳು, ತಲೆಕೂದಲು ಕೂಡ ಹಸಿ ಕಸಕ್ಕೆ ಸೇರಬಾರದು. ಒಂದು ಪೇಪರಿನಲ್ಲಿ ಕಟ್ಟಿ ಬೇರೆ ಕೊಡಿ.

ಅವರೆಕಾಯಿ ಕಾಲ ಬಂದರೆ ಮೈಸೂರು, ಮಂಡ್ಯದ ಮನೆಗಳ ಲೆಕ್ಕವೇ ತಲೆಕೆಳಗಾಗುತ್ತದೆ. ನಾಲ್ಕು ಕೆಜಿ ಕಾಯಿ ಬಿಡಿಸಿದರೆ ಕಾಳಿಗಿಂತ ಸಿಪ್ಪೆಯೇ ಒಂದು ರಾಶಿ. ಆಮೇಲೆ ಹಿತಕಿದ ಬೇಳೆಯ ಹೊಟ್ಟು ಬೇರೆ. ಇದನ್ನೆಲ್ಲ ಚಿಕ್ಕ ಡಬ್ಬಕ್ಕೆ ತುಂಬಲು ಹೋಗಬೇಡಿ. ಒಂದು ಗೋಣಿಚೀಲದಲ್ಲಿ ಹಾಕಿ, ಮರುದಿನ ಚೀಲ ಸುರಿದು ವಾಪಸ್ ಪಡೆಯಿರಿ. ಹಸು ಇರುವವರಿಗೆ ಕೊಟ್ಟರೆ ಇನ್ನೂ ಚೆನ್ನ.

ಇನ್ನು ದೇವರ ಹೂವು. ಕಸದ ಡಬ್ಬಕ್ಕೆ ಹಾಕಲು ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ಕವರ್‌ನಲ್ಲಿ ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದಾಗ ಕಾವೇರಿಗೆ ಎಸೆಯುತ್ತಾರೆ. ಹೂವು ಕೊಳೆಯುತ್ತದೆ, ಕವರ್ ಮಾತ್ರ ಕೆಆರ್‌ಎಸ್‌ ಕೆಳಗಿನ ಕಲ್ಲಿಗೆ ಸಿಕ್ಕಿಕೊಂಡು ಹಾಗೇ ಇರುತ್ತದೆ. ನಿರ್ಮಾಲ್ಯಕ್ಕೆ ಒಂದು ಪ್ರತ್ಯೇಕ ಮಣ್ಣಿನ ಕುಂಡ ಇಡಿ. ಅದರಲ್ಲೇ ಎಲೆ, ಮಣ್ಣಿನ ಜೊತೆ ಗೊಬ್ಬರ ಮಾಡಿ ತುಳಸಿಗೆ ಹಾಕಿ. ಯಾವ ಅಜ್ಜಿಯೂ ಇದಕ್ಕೆ ಬೇಡ ಅನ್ನುವುದಿಲ್ಲ. ಒಡೆದ ದೇವರ ಪಟಗಳನ್ನು ಅರಳಿಕಟ್ಟೆಯ ಬುಡದಲ್ಲಿ ಬಿಟ್ಟು ಬರುವುದೂ ಇದೇ ಜಾತಿಯ ಸಮಸ್ಯೆ. ಗಾಜು, ಕಟ್ಟು, ಕಾಗದ ಬೇರೆ ಬೇರೆ ಮಾಡಿ. ಗಾಜನ್ನು ಪೇಪರಿನಲ್ಲಿ ಸುತ್ತಿ ಒಣ ಕಸದ ಜೊತೆ ಬೇರೆಯಾಗಿ ಕೈಗೆ, ಕಟ್ಟನ್ನು ಮತ್ತೆ ಬಳಕೆಗೆ, ಕಾಗದದ ಚಿತ್ರವನ್ನು ನೀರಿನಲ್ಲಿ ನೆನೆಸಿ ಗಿಡದ ಬುಡಕ್ಕೆ.

ಹೆಜ್ಜೆ 3: ಸಾಧ್ಯವಿದ್ದರೆ ಹಸಿ ಕಸ ಮನೆಯಿಂದ ಹೊರಗೆ ಹೋಗುವುದೇ ಬೇಡ

ಇದು ಕಡ್ಡಾಯ ಅಲ್ಲ. ಆದರೆ ಒಬ್ಬರಿಗೆ ದಿನಕ್ಕೆ ಸುಮಾರು 300ರಿಂದ 500 ಗ್ರಾಂ ಕಸ ಎಂದು ಹಿಡಿದರೆ, ಅದರಲ್ಲಿ ಅರ್ಧದಷ್ಟು ಹಸಿಯೇ. ಅದನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ಗಾಡಿ ಒಂದು ದಿನ ಬರದಿದ್ದರೂ ನಿಮಗೆ ಚಿಂತೆ ಇಲ್ಲ.

ಬಾಲ್ಕನಿಯಲ್ಲೋ ತಾರಸಿಯಲ್ಲೋ ನೆರಳಿರುವ ಜಾಗ ನೋಡಿ. 20 ಲೀಟರಿನ ಎರಡು ಖಾಲಿ ಪೇಂಟ್ ಬಕೆಟ್ ಸಾಕು, ಚೆನ್ನಾಗಿ ತೊಳೆದಿರಬೇಕು. ಮಣ್ಣಿನ ಕುಂಡವಾದರೆ ಇನ್ನೂ ಒಳ್ಳೆಯದು, ಅದು ತಾನೇ ಉಸಿರಾಡುತ್ತದೆ. ಬಕೆಟ್ ಆದರೆ ತಳಕ್ಕೆ ನಾಲ್ಕೈದು, ಸುತ್ತಲೂ ಇಪ್ಪತ್ತು ಮೂವತ್ತು ತೂತು ಮಾಡಿ. ಕಬ್ಬಿಣದ ಕಡ್ಡಿ ಕಾಯಿಸಿ ಚುಚ್ಚಿದರೆ ಸುಲಭ. ಕೆಳಗೆ ಒಂದು ತಟ್ಟೆ ಇಟ್ಟು, ಎರಡು ಇಟ್ಟಿಗೆಯ ಮೇಲೆ ಬಕೆಟ್ ನಿಲ್ಲಿಸಿ.

ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ತೆಂಗಿನ ನಾರು. ಅದರ ಮೇಲೆ ಒಂದು ಬೊಗಸೆ ಹಳೆಯ ಗೊಬ್ಬರ, ಇಲ್ಲದಿದ್ದರೆ ತೋಟದ ಮಣ್ಣು. ಆಮೇಲೆ ದಿನದ ಹಸಿ ಕಸ ಹಾಕಿ. ಸಿಪ್ಪೆಗಳನ್ನು ಎರಡಂಗುಲಕ್ಕಿಂತ ಚಿಕ್ಕದಾಗಿ ಕತ್ತರಿಸಿದರೆ ಬೇಗ ಕೊಳೆಯುತ್ತದೆ. ಹಾಕಿದಷ್ಟೇ ಅಳತೆಯ ಒಣ ಎಲೆಯಿಂದ ಪೂರ್ತಿ ಮುಚ್ಚಿ. ಹಸಿರು ಸಿಪ್ಪೆ ಸಾರಜನಕ ಕೊಡುತ್ತದೆ, ಒಣ ಎಲೆ ಇಂಗಾಲ ಕೊಡುತ್ತದೆ. ಇಂಗಾಲ ಸಾರಜನಕದ 25ರಿಂದ 30 ಪಟ್ಟು ಇದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ತೂಕ ಹಾಕುತ್ತಾ ಕೂರಬೇಕಿಲ್ಲ, ಒಂದು ಬಟ್ಟಲು ಕಸಕ್ಕೆ ಒಂದು ಬಟ್ಟಲು ಎಲೆ ಎಂಬ ಲೆಕ್ಕ ಸಾಕು.

ಮೊದಲ ವಾರ ಒಂದು ಲೋಟ ಹುಳಿ ಮಜ್ಜಿಗೆಗೆ ಚೂರು ಬೆಲ್ಲ ಕದಡಿ ಚಿಮುಕಿಸಿದರೆ ಕೊಳೆಯುವ ಕೆಲಸ ಬೇಗ ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ ದುಬಾರಿ ಪುಡಿ ಇಲ್ಲದೆಯೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ವಾರಕ್ಕೆರಡು ಸಲ ಕೋಲಿನಲ್ಲಿ ತಳದಿಂದ ಮೇಲಕ್ಕೆ ಕಲಕಿ. ಹಿಡಿಯಷ್ಟು ತೆಗೆದು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಸೋರಬಾರದು. ಬಕೆಟ್ ತುಂಬಿದ ಮೇಲೆ ಮುಚ್ಚಿ ಬದಿಗಿಟ್ಟು ಎರಡನೆಯದನ್ನು ಶುರು ಮಾಡಿ. ಅದು ತುಂಬುವ ಹೊತ್ತಿಗೆ ಮೊದಲನೆಯದು ಕಂದು ಕಪ್ಪಾಗಿ, ಅರ್ಧಕ್ಕಿಂತ ಕೆಳಗೆ ಇಳಿದು, ಮಣ್ಣಿನ ವಾಸನೆ ಬರುತ್ತಿರುತ್ತದೆ. ಸಾಮಾನ್ಯವಾಗಿ 45ರಿಂದ 60 ದಿನ. ಜರಡಿ ಹಿಡಿದು ಬಳಸಿ, ಜರಡಿಯಲ್ಲಿ ಉಳಿದ ದಪ್ಪ ಚೂರನ್ನು ಮುಂದಿನ ಬಕೆಟ್‌ಗೆ ಹಾಕಿ. ತಟ್ಟೆಗೆ ಇಳಿದ ಕಂದು ನೀರನ್ನು ಹತ್ತು ಪಾಲು ನೀರಿಗೆ ಬೆರೆಸಿ ಗಿಡಕ್ಕೆ ಹಾಕಬಹುದು.

ತೊಂದರೆ ಬಂದರೆ ಗಾಬರಿ ಬೇಡ. ವಾಸನೆ ಬಂತು ಅಂದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ ಕಲಕಿ. ಇರುವೆ ಬಂತು ಅಂದರೆ ಒಣಗಿದೆ, ನೀರು ಚಿಮುಕಿಸಿ. ಸಣ್ಣ ನೊಣ ಬಂದರೆ ಮೇಲಿನ ಎಲೆಯ ಪದರ ತೆಳುವಾಗಿದೆ. ಬಿಳಿ–ಬೂದು ಬಣ್ಣದ ದಪ್ಪ ಹುಳ ಕಂಡರೆ ಅನೇಕರು ಬಕೆಟ್ಟನ್ನೇ ಎಸೆದುಬಿಡುತ್ತಾರೆ. ಅದು ಬಹುಪಾಲು ಕಪ್ಪು ಸೈನಿಕ ನೊಣದ ಮರಿ, ಕಚ್ಚುವುದಿಲ್ಲ, ರೋಗ ತರುವುದಿಲ್ಲ, ನಿಮ್ಮ ಕೆಲಸವನ್ನೇ ಬೇಗ ಮಾಡಿಕೊಡುತ್ತದೆ. ಇಲಿ ಕಾಟ ಇರುವ ಕಡೆ ಮಾಂಸ, ಮೀನು, ಎಣ್ಣೆ ಪದಾರ್ಥವನ್ನು ಬಕೆಟ್‌ಗೆ ಹಾಕದೆ ಗಾಡಿಗೇ ಕೊಡಿ.

ಒಣ ಎಲೆಗೆ ಕಾಸು ಕೊಡಬೇಕಿಲ್ಲ. ಶಿವರಾತ್ರಿ ಸುಮಾರಿಗೆ ಮೈಸೂರಿನ ರಸ್ತೆ ಬದಿಯ ಮರಗಳು ಎಲೆ ಉದುರಿಸುತ್ತವೆ. ಆಗಲೇ ಒಂದೆರಡು ಚೀಲ ತುಂಬಿ ಒದ್ದೆಯಾಗದ ಕಡೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಒಂದು ಒಣ ಎಲೆಯೂ ಸಿಗದೆ ಪರದಾಡುವಾಗ ಅದರ ಬೆಲೆ ಗೊತ್ತಾಗುತ್ತದೆ. ಎಲೆ ಗುಡ್ಡೆಗೆ ಬೆಂಕಿ ಹಚ್ಚುವ ಅಭ್ಯಾಸ ಇರುವವರಿಗೆ ಒಂದು ಮಾತು: ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿದೆ.

ಹೆಜ್ಜೆ 4: ಒಣ ಕಸ ಒಣಗಿಯೇ ಇರಬೇಕು

ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಗಾಜು, ಮರದ ತುಂಡು, ರಬ್ಬರ್, ಎಲ್ಲ ಒಂದೇ ಚೀಲಕ್ಕೆ. ಮನೆಯಲ್ಲೇ ಹತ್ತು ಬಗೆ ಮಾಡಬೇಕಿಲ್ಲ, ಅದು ವಿಂಗಡಣಾ ಕೇಂದ್ರದ ಕೆಲಸ. ನಿಮ್ಮ ಕೆಲಸ ಅದನ್ನು ಜಿಡ್ಡಿಲ್ಲದೆ, ನೀರಿಲ್ಲದೆ ಕೊಡುವುದು.

ಹಾಲಿನ ಪ್ಯಾಕೆಟ್ ದಿನಾ ಬರುವ ವಸ್ತು. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಪುಟ್ಟ ತ್ರಿಕೋನದ ಚೂರನ್ನು ಯಾರೂ ಆರಿಸುವುದಿಲ್ಲ, ಅದು ಮೋರಿಗೋ ಮಣ್ಣಿಗೋ ಸೇರುತ್ತದೆ. ಸ್ವಲ್ಪ ಅಂಟಿಕೊಂಡೇ ಇರುವ ಹಾಗೆ ಸೀಳಿ. ಒಂದು ಗುಟುಕು ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಗಿಡಕ್ಕೆ ಹಾಕಿ, ಪ್ಯಾಕೆಟ್ಟನ್ನು ನಲ್ಲಿಯ ಮೇಲೆ ನೇತುಹಾಕಿ. ಮಧ್ಯಾಹ್ನದೊಳಗೆ ಒಣಗಿರುತ್ತದೆ. ಹೋಟೆಲ್ ಪಾರ್ಸಲ್ ಡಬ್ಬ, ಉಪ್ಪಿನಕಾಯಿ ಕವರ್, ಎಣ್ಣೆ ಪ್ಯಾಕೆಟ್‌ಗೂ ಇದೇ ಕ್ರಮ. ಹೊಸ ನೀರು ಸುರಿಯಬೇಡಿ, ಪಾತ್ರೆ ತೊಳೆದ ನೀರೇ ಸಾಕು.

ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಚೀಲದೊಳಗೆ ಹಾಕದೆ ಕೈಗೇ ಕೊಡಿ. ಹಳೆಯ ಪೇಪರ್, ಕಬ್ಬಿಣ, ಬಾಟಲಿಯನ್ನು ಗುಜರಿಯವರಿಗೆ ಕೊಡುವುದನ್ನು ಬಿಡಬೇಡಿ. ನಿಯಮ ಬರುವ ಎಷ್ಟೋ ಮೊದಲೇ ಒಣ ಕಸವನ್ನು ನಿಭಾಯಿಸಿದವರು ಅವರೇ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರ್‌ಗಳನ್ನು ಅವರು ಮುಟ್ಟುವುದಿಲ್ಲ, ಅವು ಪಾಲಿಕೆಯ ಗಾಡಿಗೆ.

ಹೆಜ್ಜೆ 5: ಸ್ಯಾನಿಟರಿ ಕಸ, ಗುರುತು ಹಾಕಿ ಕೊಡಿ

ಪ್ಯಾಡ್, ಡೈಪರ್, ಹಿರಿಯರ ಡೈಪರ್, ಕಾಂಡೋಮ್, ಇವೆಲ್ಲ ಈ ಗುಂಪಿಗೆ. ಗಾಯಕ್ಕೆ ಕಟ್ಟಿದ ಹತ್ತಿ, ಬ್ಯಾಂಡೇಜ್ ಇದ್ದರೆ ಅದನ್ನೂ ಇದೇ ರೀತಿ ಸುತ್ತಿ ಇಲ್ಲಿಗೇ ಹಾಕಿ. ಹೊಸ ನಿಯಮದಲ್ಲಿ ಇದಕ್ಕೆ ಸ್ವಂತ ಸಾಲು ಸಿಕ್ಕಿದ್ದು ಬಹಳ ಒಳ್ಳೆಯದಾಯಿತು. ಇಷ್ಟು ವರ್ಷ ಇದನ್ನು ಒಣ ಕಸದ ಚೀಲದೊಳಗೆ ಬಚ್ಚಿಟ್ಟು ಕೊಡುತ್ತಿದ್ದರು. ಅದನ್ನು ಬರಿಗೈಯಲ್ಲಿ ಬೇರೆ ಮಾಡಿದ್ದು ಯಾರು ಎಂದು ಯೋಚಿಸಿದರೆ ನಾಚಿಕೆಯಾಗಬೇಕು, ಅಲ್ವಾ?

ಬಳಸಿದ್ದನ್ನು ಬಿಗಿಯಾಗಿ ಸುರುಳಿ ಸುತ್ತಿ, ಅದರ ಜೊತೆ ಬಂದ ಕವರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಎರಡು ಪದರ ಪೇಪರಿನಲ್ಲಿ ಕಟ್ಟಿ. ಮೇಲೆ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಚುಕ್ಕೆ ಹಾಕಿ. ಡೈಪರ್ ಆದರೆ ಒಳಗಿನ ಮಲವನ್ನು ಮೊದಲು ಕಕ್ಕಸಿಗೆ ಹಾಕಿ ನೀರು ಬಿಡಬೇಕು. ಡೈಪರ್, ಪ್ಯಾಡನ್ನು ಮಾತ್ರ ಯಾವತ್ತೂ ಕಕ್ಕಸಿನೊಳಗೆ ಹಾಕಬೇಡಿ. ಅದರೊಳಗಿನ ಜೆಲ್ ನೀರು ಕುಡಿದು ಉಬ್ಬಿ ಪೈಪನ್ನೇ ಕಟ್ಟುತ್ತದೆ. ಮಗು ಅಥವಾ ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರು ದಿನಾ ಕೊಡಿ. ಉಳಿದವರು ಇದ್ದ ದಿನ ಕೊಟ್ಟರೆ ಸಾಕು. ಕೊಡುವಾಗ ಬಾಯಿಬಿಟ್ಟು ಹೇಳಿ: "ಅಕ್ಕ, ಇದು ಡೈಪರ್‌ದು, ಬೇರೆ ಹಾಕಿಕೊಳ್ಳಿ."

ಹೆಜ್ಜೆ 6: ಅಟ್ಟದ ಮೇಲಿನ ಪೆಟ್ಟಿಗೆ, ವಿಶೇಷ ಎಚ್ಚರಿಕೆ ಬೇಕಾದ ಕಸ

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್, ಪಾದರಸದ ಥರ್ಮಾಮೀಟರ್, ಪೇಂಟ್ ಡಬ್ಬ, ಅವಧಿ ಮುಗಿದ ಮಾತ್ರೆ, ಜಿರಳೆ–ಸೊಳ್ಳೆ ಔಷಧಿಯ ಡಬ್ಬ. ಇವು ಕಡಿಮೆ ಬರುತ್ತವೆ, ಆದರೆ ಕಡಿಮೆ ಇದ್ದರೂ ಕಾಟ ದೊಡ್ಡದು. ನಿಯಮದ ಪ್ರಕಾರ ಇವನ್ನು ಅಧಿಕೃತ ಸಂಸ್ಥೆಯವರು ಸಂಗ್ರಹಿಸಬೇಕು ಅಥವಾ ಗೊತ್ತು ಮಾಡಿದ ಸಂಗ್ರಹ ಕೇಂದ್ರಕ್ಕೆ ನೀವು ತಲುಪಿಸಬೇಕು. ನಿಮ್ಮ ವಾರ್ಡಿಗೆ ಅದು ಎಲ್ಲಿ, ಯಾವ ದಿನ ಎಂಬುದನ್ನು ವಲಯ ಕಚೇರಿಯಲ್ಲಿ ಒಮ್ಮೆ ಕೇಳಿ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಿಡಿ.

ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್‌ನಲ್ಲಿ ಸ್ವಲ್ಪ ಪಾದರಸ ಇರುತ್ತದೆ. ಒಡೆದರೆ ಕಿಟಕಿ ಬಾಗಿಲು ತೆಗೆದು, ಫ್ಯಾನ್ ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿ. ಪೊರಕೆಯಲ್ಲಿ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಎರಡು ದಪ್ಪ ರಟ್ಟಿನಿಂದ ಚೂರು ಎತ್ತಿ, ಪುಡಿಯನ್ನು ಅಂಟು ಟೇಪಿನಿಂದ ಒತ್ತಿ ತೆಗೆದು, ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ.

ಇನ್ಸುಲಿನ್ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ‘ಸೂಜಿ’ ಎಂದು ಬರೆಯಿರಿ. ಹಳೆಯ ಮಾತ್ರೆಗಳನ್ನು ಸಿಂಕಿಗೆ, ಕಕ್ಕಸಿಗೆ ಹಾಕಬೇಡಿ.

ಮೊಬೈಲ್, ಚಾರ್ಜರ್, ರಿಮೋಟ್‌ಗಳಿಗೆ ಇ–ತ್ಯಾಜ್ಯದ ಬೇರೆಯೇ ನಿಯಮ ಇದೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬ್ಯಾಟರಿಗಳಿಗೂ 2022ರದೇ ಪ್ರತ್ಯೇಕ ನಿಯಮ. ಇವನ್ನು ಒಣ ಕಸದ ಚೀಲಕ್ಕೆ ಹಾಕಬಾರದು ಎನ್ನುವುದಕ್ಕೆ ಸೀದಾ ಕಾರಣ ಇದೆ. ಉಬ್ಬಿದ ಮೊಬೈಲ್ ಬ್ಯಾಟರಿ ಗಾಡಿಯ ಒತ್ತಡಕ್ಕೆ ಸಿಕ್ಕಿದರೆ ಬೆಂಕಿ ಹತ್ತುತ್ತದೆ, ಸುತ್ತ ಪೇಪರ್, ಪ್ಲಾಸ್ಟಿಕ್ ತುಂಬಿರುತ್ತದೆ. ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಟ್ಟು ಬೆಲೆ ಇಳಿಸಿಕೊಳ್ಳಿ.

ಇಟ್ಟಿಗೆ ಚೂರು, ಟೈಲ್ಸ್, ಸಿಮೆಂಟ್, ಹಳೆಯ ಹಾಸಿಗೆ, ಕತ್ತರಿಸಿದ ಮರದ ಕೊಂಬೆ ಈ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಮನೆ ರಿಪೇರಿ ಮಾಡಿಸುವವರು ಕಟ್ಟಡ ತ್ಯಾಜ್ಯ ಸಾಗಿಸುವ ಜವಾಬ್ದಾರಿ ಯಾರದ್ದು ಎಂದು ಮೇಸ್ತ್ರಿಯ ಜೊತೆ ಮೊದಲೇ ಮಾತಾಡಿ. ಇಲ್ಲದಿದ್ದರೆ ಅದು ರಾತ್ರೋರಾತ್ರಿ ರಿಂಗ್ ರೋಡಿನ ಬದಿಗೆ ಹೋಗಿ ಬೀಳುತ್ತದೆ.

ಹೆಜ್ಜೆ 7: ಗಾಡಿಯ ಹೊತ್ತಿಗೆ ಹೊಂದಿಸಿಕೊಳ್ಳಿ

ನಿಮ್ಮ ಬೀದಿಗೆ ಗಾಡಿ ಎಷ್ಟು ಹೊತ್ತಿಗೆ, ಒಣ ಕಸ ಯಾವ ದಿನ ಎಂದು ತಿಳಿಯಲು ಅತ್ಯುತ್ತಮ ದಾರಿ ಪೌರಕಾರ್ಮಿಕರನ್ನೇ ಕೇಳುವುದು. ಪಾಲಿಕೆಯಲ್ಲಿ ಹತ್ತಾರು ವಾರ್ಡುಗಳಿವೆ, ಪಕ್ಕದ ಬೀದಿಯ ಹೊತ್ತು ನಿಮ್ಮದಾಗಬೇಕಿಲ್ಲ. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಕಡೆಯವರು ತಮ್ಮ ತೆರಿಗೆ ರಸೀದಿ ಯಾವ ಸಂಸ್ಥೆಯದ್ದು ನೋಡಿ, ಕೇಳುವ ಕಚೇರಿಯೂ ಅದೇ.

ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೋಗುವವರು, ಪಿಜಿಯಲ್ಲಿರುವ ಹುಡುಗರು, ಇವರಿಗೇ ನಿಜವಾದ ಕಷ್ಟ. ಬೀದಿ ಮೂಲೆಯ ಕಸದ ಗುಡ್ಡೆಗಳು ಹುಟ್ಟುವುದೂ ಇಲ್ಲಿಂದಲೇ. ಆ ಮೂಲೆಗೆ ರಂಗೋಲಿ ಹಾಕಿ, ದೇವರ ಪಟ ಇಟ್ಟು ನೋಡಿದ್ದಾರೆ, ಕಸ ಎಸೆಯುವುದು ಒಂದು ವಾರ ಮಾತ್ರ ನಿಲ್ಲುತ್ತದೆ. ಅದರ ಬದಲು ಗಾಡಿ ಬರುವ ಮೊದಲೇ ಹೋಗುವವರ ಡಬ್ಬವನ್ನು ಪಕ್ಕದ ಮನೆಯವರು ಕೊಡುವ ಒಪ್ಪಂದ ಮಾಡಿಕೊಳ್ಳಿ. ಮನೆ ಮಾಲೀಕರು ಬಾಡಿಗೆ ಮಾತಾಡುವಾಗಲೇ ಇದನ್ನೂ ಹೇಳಿಬಿಟ್ಟರೆ ಒಳ್ಳೆಯದು.

ಅಪಾರ್ಟ್‌ಮೆಂಟಿನವರಿಗೆ ಲೆಕ್ಕ ಬೇರೆ. ಹೊಸ ನಿಯಮದಲ್ಲಿ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್, ಅಥವಾ ದಿನದ ನೀರಿನ ಬಳಕೆ 40,000 ಲೀಟರ್, ಅಥವಾ ದಿನಕ್ಕೆ 100 ಕೆಜಿ ಕಸ, ಈ ಮೂರರಲ್ಲಿ ಯಾವುದೊಂದು ಮುಟ್ಟಿದರೂ ನೀವು ಭಾರಿ ಕಸ ಉತ್ಪಾದಕರು. ನಾಲ್ಕು ಜನರ ಮನೆಗೆ ದಿನಕ್ಕೆ 1.6 ಕೆಜಿ ಎಂದರೆ ಸುಮಾರು 62 ಮನೆಗೆ 100 ಕೆಜಿ. ಒಬ್ಬರಿಗೆ 135 ಲೀಟರ್ ನೀರು ಎಂದರೆ ಸುಮಾರು 74 ಮನೆಗೆ 40,000 ಲೀಟರ್. ಅರವತ್ತು ಫ್ಲಾಟ್ ದಾಟಿದ ಸಂಘದವರು ಹಸಿ ಕಸವನ್ನು ಆವರಣದಲ್ಲೇ ಸಂಸ್ಕರಿಸುವ ವ್ಯವಸ್ಥೆಯನ್ನು ಮುಂದಿನ ಸಭೆಯ ಪಟ್ಟಿಗೆ ಹಾಕಿಕೊಳ್ಳಿ.

ಹಬ್ಬ, ಮದುವೆ, ನಾಮಕರಣ

ಆಯುಧಪೂಜೆಯ ಮರುದಿನ ಮೈಸೂರಿನ ರಸ್ತೆ ನೋಡಿದವರಿಗೆ ಬೇರೆ ವಿವರಣೆ ಬೇಡ. ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು, ಹೂವು. ಕುಂಬಳವನ್ನು ಒಡೆದ ಮೇಲೆ ರಸ್ತೆ ಬದಿಗೆ ತಳ್ಳಿ, ಬೈಕಿನವರು ಜಾರುತ್ತಾರೆ. ಬಾಳೆಕಂದನ್ನು ಅಡಿ ಉದ್ದಕ್ಕೆ ಕತ್ತರಿಸಿ ಹಸಿ ಕಸವಾಗಿ ಕೊಡಿ. ಅದರಲ್ಲಿ ನೀರೇ ಜಾಸ್ತಿ, ಮನೆಯ ಬಕೆಟ್‌ಗೆ ಹಾಕಿದರೆ ಗೊಬ್ಬರ ರಾಡಿಯಾಗುತ್ತದೆ. ಥರ್ಮಾಕೋಲ್ ಅಲಂಕಾರ, ಬಣ್ಣದ ಪ್ಲಾಸ್ಟಿಕ್ ತೋರಣವನ್ನು ಬೇರೆ ತೆಗೆಯಿರಿ.

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಕನಿಷ್ಠ 3 ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು ಎಂಬುದು 2016ರ ನಿಯಮಗಳಲ್ಲೇ ಬಂದ ಮಾತು. ಛತ್ರದವರು ನೋಡಿಕೊಳ್ಳುತ್ತಾರೆ ಎಂದು ಸುಮ್ನೆ ಇರಬೇಡಿ, ಮುಂಗಡ ಕೊಡುವಾಗಲೇ ಕೇಳಿ. ಊಟದ ಸಾಲಿನ ಕೊನೆಯಲ್ಲಿ ಎಲೆಗೊಂದು ಡ್ರಮ್, ನೀರಿನ ಬಾಟಲಿಗೊಂದು ಡ್ರಮ್ ಇಟ್ಟು, ಎಲೆ ಎತ್ತುವವರಿಗೆ ಮೊದಲೇ ಹೇಳಿ.

ಗಾಡಿ ಬರದಿದ್ದರೆ, ಕಲಸಿ ಒಯ್ದರೆ

"ನಾವು ಬೇರೆ ಮಾಡ್ತೀವಿ, ಅವರು ಗಾಡಿಯಲ್ಲಿ ಒಟ್ಟಿಗೆ ಸುರೀತಾರೆ." ಈ ದೂರು ಕೆಲವು ಕಡೆ ನಿಜ. ಅದಕ್ಕೆ ಪೌರಕಾರ್ಮಿಕರ ಮೇಲೆ ರೇಗಿ ಪ್ರಯೋಜನ ಇಲ್ಲ, ಗಾಡಿಯಲ್ಲಿ ಬೇರೆ ಬೇರೆ ಖಾನೆ ಇದೆಯೋ ಇಲ್ಲವೋ ಎಂಬುದು ಅವರ ಕೈಯಲ್ಲಿಲ್ಲ. ಗಾಡಿಯ ಸಂಖ್ಯೆ, ಬೀದಿ, ದಿನ, ಹೊತ್ತು ಬರೆದುಕೊಂಡು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಹೇಳಿ. ಅಲ್ಲಿ ಆಗದಿದ್ದರೆ ವಲಯ ಕಚೇರಿಯ ಪರಿಸರ ಎಂಜಿನಿಯರ್. ಫೋನಿನಲ್ಲಿ ಮಾತಾಡಿದ್ದು ಉಳಿಯುವುದಿಲ್ಲ, ಆದ್ದರಿಂದ ರಾಜ್ಯದ ‘ಜನಹಿತ’ ಆ್ಯಪ್‌ನಲ್ಲೋ ಕೇಂದ್ರದ ‘ಸ್ವಚ್ಛತಾ’ ಆ್ಯಪ್‌ನಲ್ಲೋ ಫೋಟೊ ಸಮೇತ ಹಾಕಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಫೋಟೊದಲ್ಲಿ ಕಸದ ಜೊತೆ ಅಂಗಡಿಯ ಬೋರ್ಡೋ ವಿದ್ಯುತ್ ಕಂಬವೋ ಕಾಣಲಿ, ಜಾಗ ಹುಡುಕಲು ಸುಲಭ.

ಆಸ್ತಿ ತೆರಿಗೆ ರಸೀದಿಯಲ್ಲಿ ಘನತ್ಯಾಜ್ಯದ ಬಾಬ್ತು ಕಟ್ಟಿದ್ದರೆ ಅದರ ಪ್ರತಿಯನ್ನೂ ಲಿಖಿತ ದೂರಿಗೆ ಸೇರಿಸಿ. ಇಡೀ ಬೀದಿಯ ಏಳೆಂಟು ಮನೆಯವರು ಸಹಿ ಹಾಕಿ ಕೊಟ್ಟ ಅರ್ಜಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸರಿಹೋಗದೆಯೇ ‘ಪರಿಹರಿಸಲಾಗಿದೆ’ ಎಂದು ಆ್ಯಪ್‌ನಲ್ಲಿ ದೂರು ಮುಚ್ಚಿಹೋದರೆ, ಅದೇ ದಿನದ ಹೊಸ ಫೋಟೊ ಜೊತೆ ಹಳೆಯ ಸಂಖ್ಯೆಯನ್ನೂ ಬರೆದು ಮತ್ತೆ ಹಾಕಿ.